ಸೊಂಡಿಲಿ, ಜೀರಂಗಿ ಮತ್ತು ಒಂದು ಖಾಲಿ ಕಾಲಂ

ಪಂಚಮಿ ಹಬ್ಬಕ್ಕೆ ಊರಿಗೆ ಹೋಗಿದ್ದೆ. ಊರು ಅಂದ್ರೆ ದುಮ್ಮವಾಡ, ಧಾರವಾಡ ಜಿಲ್ಲೆ, ಕಲಘಟಗಿ ತಾಲೂಕು. ಹೆಸರು ಕೇಳಿಲ್ಲ ಅಂತೀರಾ? ಹುಬ್ಬಳ್ಳಿಯವರಿಗೆ ಕುಡಿಯೋ ನೀರು ಕೊಟ್ಟ ನೀರಸಾಗರ ನಮ್ಮೂರ ಹತ್ತಿರವೇ ಇದೆ. ಹಬ್ಬ ಅಂದ ಮೇಲೆ ಉಂಡಿ, ಜೋಕಾಲಿ, ಹೆಣ್ಣುಮಕ್ಕಳು ತವರಿಗೆ ಬರೋದು ಇದ್ದದ್ದೇ. ಈ ಸಲ ಅಕ್ಕನ ಜೊತೆ ಅವಳ ಮಗಳ ಹೋಂವರ್ಕೂ ಬಂದಿತ್ತು. ಅದನ್ನ ಬರೆಸೋಕೆ ಅಂತ ಕೂತವನು ಮನೆಯವರ ಜೊತೆ ವಾದಕ್ಕೆ ಬಿದ್ದೆ. ಆ ವಾದ ಇನ್ನೂ ತಲೆಯಲ್ಲೇ ಕೂತಿದೆ, ಅದಕ್ಕೇ ಇಲ್ಲಿ ಬರೀತಿದೀನಿ.

ಹೋಂವರ್ಕ್ ಇಷ್ಟೇ. ಮನೆಯ ಸುತ್ತಮುತ್ತ ಕಾಣುವ ಎರಡು ಪ್ರಾಣಿಗಳನ್ನು ಹೋಲಿಸಿ ಪಟ್ಟಿ ಮಾಡಿ: ವರ್ಗೀಕರಣ, ಆಹಾರ, ವಾಸಸ್ಥಾನ, ಸಂರಕ್ಷಣಾ ಸ್ಥಿತಿ. ಬೇರೆ ಹುಡುಗರಾದರೆ ಆಕಳು-ಎಮ್ಮೆ, ನಾಯಿ-ಬೆಕ್ಕು ಅಂತ ಬರೆದು ಕೈ ತೊಳ್ಕೋತಾರೆ. ಇವಳ ಕಂಪಾಸ್ ಬಾಕ್ಸಿನಲ್ಲಿ ಹಿತ್ತಲ ಜಾಲಿ ಗಿಡದಲ್ಲಿ ಹಿಡಿದ ಒಂದು ಜೀರಂಗಿ ಇತ್ತು. ಅಡುಗೆಮನೆ ಮೂಲೆಯಲ್ಲಿ ಇಲಿಗೆ ಅಂತ ಇಟ್ಟ ಅಂಟಿನ ಹಲಗೆ ಮೇಲೆ ಬೆಳಿಗ್ಗೆ ಒಂದು ಸೊಂಡಿಲಿ ಸತ್ತು ಬಿದ್ದಿತ್ತು. ಅವಳಿಗೆ ಎರಡು ಪ್ರಾಣಿ ಸಿಕ್ಕೇಬಿಟ್ಟವು.

ಬರೆದು ತಂದು ತೋರಿಸಿದಳು.

ಸೊಂಡಿಲಿ: ಇಲಿ ಜಾತಿ. ಅಪಾಯವಿಲ್ಲ.
ಜೀರಂಗಿ: ಹುಳದ ಜಾತಿ. ಅಪಾಯವಿಲ್ಲ.

ಈ ನಾಲ್ಕು ಉತ್ತರದಲ್ಲಿ ಪೂರ್ತಿ ಸರಿಯಾದದ್ದು ಒಂದೇ. ಅವಳನ್ನ ಬಯ್ಯೋ ಹಾಗಿಲ್ಲ, ಯಾಕಂದ್ರೆ ನಾವು ದೊಡ್ಡವರೂ ಹೆಚ್ಚುಕಮ್ಮಿ ಹೀಗೇ ನಂಬಿಕೊಂಡಿದೀವಿ. ಮೊದಲನೇ ತಪ್ಪಿನಿಂದ ಒಂದು ಜೀವ ಅಂಟಿನ ಮೇಲೆ ಸತ್ತಿತು. ಕೊನೇ ತಪ್ಪು ಅದಕ್ಕಿಂತ ದೊಡ್ಡದು ಅಂತ ನನ್ನ ಅಭಿಪ್ರಾಯ. ಒಂದೊಂದಾಗಿ ಹೇಳ್ತೀನಿ.

"ಅವ್ವಾ, ಇದು ಇಲಿ ಅಲ್ಲ" ಅಂದೆ.

"ಇಲಿ ಅಲ್ಲದ ಮತ್ತೇನೋ? ಹೆಸರಿನಾಗ ಇಲಿ ಐತೆಲ್ಲೋ" ಅಂದಳು ಅವ್ವ.

ಹೌದಲ್ಲ! ಸೊಂಡಿಲು ಇರೋ ಇಲಿ, ಸೊಂಡಿಲಿ. ನಿಮ್ಮ ಕಡೆ ಸುಂಡಿಲಿ, ಮೂಗಿಲಿ ಅಂತಲೂ ಇರಬಹುದು. ಕನ್ನಡ ಹೆಸರೇ ದಾರಿ ತಪ್ಪಿಸುತ್ತೆ. ಕನ್ನಡವನ್ನ ಮಾತ್ರ ಯಾಕೆ ಬಯ್ಯಬೇಕು, 1766ರಲ್ಲಿ ಲಿನೇಯಸ್ ಇದಕ್ಕೆ ಶಾಸ್ತ್ರೀಯ ಹೆಸರು ಕೊಟ್ಟಾಗಲೂ 'ಮ್ಯೂರಿನಸ್' ಅಂದ, ಅಂದ್ರೆ ಇಲಿಯಂಥದ್ದು. ಈಗಿನ ಪೂರ್ತಿ ಹೆಸರು ಸಂಕಸ್ ಮ್ಯೂರಿನಸ್. ಆದರೆ ಲಿನೇಯಸ್ 'ಇಲಿಯಂಥದ್ದು' ಅಂದನೇ ಹೊರತು 'ಇಲಿ' ಅನ್ನಲಿಲ್ಲ. ಅದನ್ನ ಶ್ರೂಗಳ ಗುಂಪಿಗೇ ಸೇರಿಸಿದ.

ವ್ಯತ್ಯಾಸ ಗೊತ್ತಾಗಬೇಕಂದ್ರೆ ಬಾಯಿ ತೆಗೆದು ನೋಡಬೇಕು. ಇಲಿಗೆ ಮುಂದೆ ಉಳಿಯಂಥ ಹಲ್ಲು, ಅವು ಸಾಯೋವರೆಗೂ ಬೆಳೀತಾನೇ ಇರ್ತವೆ. ಅದಕ್ಕೇ ಅದು ಚೀಲ, ಬಾಗಿಲು, ವೈರು ಎಲ್ಲಾ ಕಡಿಯುತ್ತೆ. ಸೊಂಡಿಲಿಗೆ ಹಾಗಿಲ್ಲ. ಸಣ್ಣ ಸಣ್ಣ ಚೂಪು ಹಲ್ಲು, ಹುಳದ ಗಟ್ಟಿ ಚಿಪ್ಪು ಒಡೆಯೋಕೆ ಅಂತಲೇ ಇದ್ದಂಗೆ. ಕಣ್ಣು ಮಂದ. ಅದಕ್ಕೇ ಗೋಡೆಗುಂಟ ಮೂಗು ಆಡಿಸ್ಕೊಂತ ಓಡುತ್ತೆ. ಮೈಯ ಎರಡೂ ಮಗ್ಗುಲಲ್ಲಿ ಗ್ರಂಥಿ ಇವೆ, ನಮಗೆಲ್ಲ ಗೊತ್ತಿರೋ ಆ ನಾತ ಅಲ್ಲಿಂದಲೇ ಬರೋದು. ಜೊಂಡಿಗ, ಗೆದ್ದಲು, ಎರೆಹುಳ, ದುಂಬಿ ಇಂಥವೇ ಅದರ ಊಟ. ಮರಿಗಳು ಒಂದರ ಬಾಲದ ಬುಡ ಒಂದು ಕಚ್ಚಿ ಹಿಡಿದು ತಾಯಿಯ ಹಿಂದೆ ರೈಲಿನ ಥರ ಹೋಗೋದನ್ನ ನೋಡಿದೀರಾ? ಚಿಕ್ಕವನಿದ್ದಾಗ ದನದ ಕೊಟ್ಟಿಗೆಯಲ್ಲಿ ಒಂದು ಸಲ ನೋಡಿದ್ದೆ. ಅದಾದ ಮೇಲೆ ನೋಡಿಲ್ಲ.

ಇನ್ನು ವರ್ಗೀಕರಣ. ಹಿಂದೆ ಇದನ್ನ 'ಇನ್ಸೆಕ್ಟಿವೋರಾ' ಅಂದ್ರೆ ಕೀಟಾಹಾರಿಗಳು ಅನ್ನೋ ಗಣದಲ್ಲಿ ಇಟ್ಟಿದ್ದರು. ಹೊಟ್ಟೆ ನೋಡಿ ಜಾತಿ ಕಟ್ಟಿದ್ದರು ಅನ್ನಿ. ಡಿಎನ್‌ಎ ಓದೋಕೆ ಬಂದ ಮೇಲೆ ಆ ಗಣ ಒಡೆದುಹೋಯ್ತು. ಈಗ ಸೊಂಡಿಲಿ, ಮುಳ್ಳುಹಂದಿಯಲ್ಲದ ಆ ಪುಟ್ಟ ಹೆಡ್ಜ್‌ಹಾಗ್, ಮೋಲ್ ಇವೆಲ್ಲ 'ಯೂಲಿಪೋಟಿಫ್ಲಾ' ಅನ್ನೋ ಗಣ. ಇದರಲ್ಲಿ ಒಂದು ತಮಾಷೆ ಇದೆ. ಸಸ್ತನಿಗಳ ವಂಶವೃಕ್ಷದಲ್ಲಿ ಇಲಿ ಇರೋ ದೊಡ್ಡ ಕೊಂಬೆಯಲ್ಲೇ ಮಂಗಗಳೂ ಇವೆ, ಮನುಷ್ಯರೂ ಇದಾರೆ. ಸೊಂಡಿಲಿ ಇರೋದು ಆಕಳು, ನಾಯಿ, ಬಾವಲಿ ಇರೋ ಇನ್ನೊಂದು ಕೊಂಬೆಯಲ್ಲಿ. ಅಂದ್ರೆ ಇಲಿಗೆ ಸೊಂಡಿಲಿಗಿಂತ ನಾವು ಹತ್ತಿರದ ನೆಂಟರು :) ಅವ್ವನಿಗೆ ಇದನ್ನ ಹೇಳಿದ್ದಕ್ಕೆ "ನಿನ್ನ ಕೆಲಸ ನೋಡಿದ್ರ ಖರೇ ಅನಸ್ತೈತಿ" ಅಂದಳು.

ಈ ಗೊಂದಲದಲ್ಲಿ ನಮ್ಮ ಧಾರವಾಡದ್ದೂ ಒಂದು ಪಾತ್ರ ಇದೆ. ವಾಲ್ಟರ್ ಎಲಿಯಟ್ ಅಂತ ಒಬ್ಬ ಅಧಿಕಾರಿ ಇದ್ದ. 1824ರ ಅಕ್ಟೋಬರಿನಲ್ಲಿ ಕಿತ್ತೂರಿನ ಕಾಳಗದಲ್ಲಿ ಥ್ಯಾಕರೆ ಸತ್ತಾಗ, ಚೆನ್ನಮ್ಮನ ಕಡೆಯವರಿಗೆ ಸೆರೆಸಿಕ್ಕ ಇಬ್ಬರು ಇಂಗ್ಲಿಷರಲ್ಲಿ ಇವನೂ ಒಬ್ಬ. ಬದುಕಿ ಬಂದ. ಆಮೇಲೆ ಇದೇ ಸೀಮೆಯಲ್ಲಿ ವರ್ಷಗಟ್ಟಲೆ ಇದ್ದು ಕನ್ನಡ ಶಾಸನಗಳನ್ನ ನೂರಾರು ಸಂಖ್ಯೆಯಲ್ಲಿ ನಕಲು ಮಾಡಿಸಿದ. ಶಾಸನದ ಜೊತೆಗೆ ಪ್ರಾಣಿಗಳ ಹುಚ್ಚೂ ಇತ್ತು. 1839ರಲ್ಲಿ ದಕ್ಷಿಣ ಮರಾಠಾ ಸೀಮೆಯ, ಅಂದ್ರೆ ನಮ್ಮ ಧಾರವಾಡ-ಬೆಳಗಾವಿ ಕಡೆಯ ಸಸ್ತನಿಗಳ ಪಟ್ಟಿಯನ್ನ ಮದ್ರಾಸಿನ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ. ನಮ್ಮ ಪೊದೆ ಇಲಿಗೆ ವಿಜ್ಞಾನಿಗಳು ಇಟ್ಟಿರೋ ಹೆಸರು 'ಗೊಲುಂಡಾ ಎಲಿಯೋಟಿ'. ಎರಡನೇ ಭಾಗ ಎಲಿಯಟ್‌ನದು, ಮೊದಲನೇ ಭಾಗ ನಮ್ಮ ಜನ ಆ ಇಲಿಗೆ ಹೇಳ್ತಿದ್ದ 'ಗುಲಂದಿ' ಅನ್ನೋ ಹೆಸರು. 1867ರ ಜರ್ಡನ್‌ನ ಭಾರತದ ಸಸ್ತನಿಗಳ ಪುಸ್ತಕದಲ್ಲಿ ಸೊಂಡಿಲಿಗೂ ಕನ್ನಡ ಹೆಸರು ಕೊಟ್ಟಿದಾರೆ.

ಎಲಿಯಟ್ ಹೆಸರಿನ ಇನ್ನೊಂದು ಪ್ರಾಣಿ ಇದೆ, ಅನಥಾನಾ ಎಲಿಯೋಟಿ. 1850ರಲ್ಲಿ ಹೆಸರಿಟ್ಟದ್ದು. ಇಂಗ್ಲಿಷಿನಲ್ಲಿ ಇದಕ್ಕೆ 'ಮದ್ರಾಸ್ ಟ್ರೀ ಶ್ರೂ', ಮರದ ಸೊಂಡಿಲಿ ಅಂತಾರೆ. ತಮಿಳಿನ ಹೆಸರಿನಲ್ಲಿ ಅದು ಬಿದಿರಿನ ಅಳಿಲು. ಆದರೆ ಅದು ಸೊಂಡಿಲಿಯೂ ಅಲ್ಲ, ಅಳಿಲೂ ಅಲ್ಲ, ಮರದ ಮೇಲೆ ಹೆಚ್ಚು ಇರೋದೂ ಇಲ್ಲ. ಅದರದ್ದೇ ಬೇರೆ ಗಣ. ಹೀಗೆ ಮೂತಿ ನೋಡಿ ಹೆಸರಿಡೋದು ನಮ್ಮ ಹಳ್ಳಿಯ ರೋಗ ಮಾತ್ರ ಅಲ್ಲ, ಎಲ್ಲಾ ಭಾಷೆಯಲ್ಲೂ ಇದೆ.

ಹೆಸರು ತಪ್ಪಾದ್ರೆ ಏನಾಯ್ತು ಅಂತೀರಾ? 1972ರ ವನ್ಯಜೀವಿ ಕಾಯ್ದೆಯಲ್ಲಿ ಐದನೇ ಅನುಸೂಚಿ ಅಂತ ಒಂದಿತ್ತು. ಪೀಡೆ ಪ್ರಾಣಿಗಳ ಪಟ್ಟಿ. ಕಾಗೆ, ಹಣ್ಣು ತಿನ್ನೋ ಬಾವಲಿ, ಇಲಿಗಳು ಅದರಲ್ಲಿದ್ದವು. ಅವನ್ನ ಯಾರು ಬೇಕಾದ್ರೂ ಕೊಲ್ಲಬಹುದಿತ್ತು. 2022ರ ತಿದ್ದುಪಡಿಯಲ್ಲಿ ಆ ಅನುಸೂಚಿಯನ್ನೇ ತೆಗೆದರು. ಆ ಪಟ್ಟಿ ಇದ್ದಾಗಲೂ ಅದರಲ್ಲಿ ಸೊಂಡಿಲಿ ಇರಲಿಲ್ಲ. ಆದರೆ ನಮ್ಮ ಅಡುಗೆಮನೆಯ ಪಟ್ಟಿಯಲ್ಲಿ ಅದು ಯಾವತ್ತೂ ಇಲಿಯ ಜೊತೆಗೇ ಇದೆ. ಜೊಂಡಿಗ ತಿಂದು ಉಪಕಾರ ಮಾಡೋ ಪ್ರಾಣಿಗೆ ಕಾಳು ತಿನ್ನೋ ಪ್ರಾಣಿಯ ಶಿಕ್ಷೆ. ನಮ್ಮ ಆಯಿ ಇದ್ದಾಗ "ಸೊಂಡಿಲಿ ಹೊಡೀಬ್ಯಾಡ್ರೋ, ಅದು ಮನಿ ಕಾಯ್ತೈತಿ" ಅನ್ನೋಳು. ಅವಳಿಗೆ ಯೂಲಿಪೋಟಿಫ್ಲಾ ಗೊತ್ತಿರಲಿಲ್ಲ, ಆದ್ರೆ ವರ್ಗೀಕರಣ ಸರಿಯಾಗಿ ಗೊತ್ತಿತ್ತು.

ಈಗ ಜೀರಂಗಿಗೆ ಬರ್ತೀನಿ.

ಮಳೆಗಾಲದಲ್ಲಿ ಜಾಲಿ, ತಂಗಡಿ ಗಿಡದ ಮೇಲೆ ಕೂರೋ, ಹಸಿರು-ನೀಲಿ-ತಾಮ್ರದ ಬಣ್ಣ ಮಿಂಚೋ ಹುಳ. ಹಳ್ಳಿಯಲ್ಲಿ ಬೆಳೆದವರು ಹಿಡಿದೇ ಹಿಡಿದಿರ್ತೀರಿ. ಕಡ್ಡಿಪೆಟ್ಟಿಗೆಯಲ್ಲಿ ಜಾಲಿ ತಪ್ಪಲು ಹಾಕಿ ಸಾಕೋದು, ಕುತ್ತಿಗೆಗೆ ದಾರ ಕಟ್ಟಿ ಗುಂಯ್ ಅನಿಸೋದು, ಮೊಟ್ಟೆ ಇಟ್ಟರೆ ಶಾಲೆಗೆಲ್ಲ ತೋರಿಸಿ ಬರೋದು. ಈಗ ನೆನೆಸಿಕೊಂಡ್ರೆ ನಾಚಿಕೆ ಆಗುತ್ತೆ, ಎಷ್ಟು ಹುಳಗಳ ಕಾಲು ಕಿತ್ತುಹೋಗಿದ್ದವೋ.

ಇದು 'ಹುಳದ ಜಾತಿ' ಅಂದ್ರೆ ಏನೂ ಹೇಳಿದ ಹಾಗಾಗಲಿಲ್ಲ. ಕನ್ನಡದಲ್ಲಿ ಎರೆಹುಳವೂ ಹುಳವೇ, ರೇಷ್ಮೆಹುಳವೂ ಹುಳವೇ, ಹೊಟ್ಟೆಯ ಜಂತುಹುಳವೂ ಹುಳವೇ. ಜೀರಂಗಿ ಸಂಧಿಪದಿ, ಅದರಲ್ಲಿ ಕೀಟ, ಅದರಲ್ಲಿ 'ಕೋಲಿಯಾಪ್ಟೆರಾ' ಗಣ, ಅದರಲ್ಲಿ 'ಬ್ಯುಪ್ರೆಸ್ಟಿಡೇ' ಕುಟುಂಬ. ಜಾಲಿ ಗಿಡದಲ್ಲಿ ಸಿಗೋ ದಪ್ಪನೆಯವು 'ಸ್ಟರ್ನೊಸೆರಾ' ಅನ್ನೋ ಕುಲದವು. ಕೋಲಿಯಾಪ್ಟೆರಾ ಅಂದ್ರೆ ಗ್ರೀಕಿನಲ್ಲಿ ಒರೆ-ರೆಕ್ಕೆ. ಕತ್ತಿಗೆ ಒರೆ ಇದ್ದಂಗೆ ಮುಂದಿನ ಎರಡು ರೆಕ್ಕೆ ಗಟ್ಟಿ ಮುಚ್ಚಳ, ಹಾರೋ ರೆಕ್ಕೆ ಅದರ ಕೆಳಗೆ. ಆ ಬಣ್ಣವೂ ಬಳಿದ ಬಣ್ಣ ಅಲ್ಲ. ಮುಚ್ಚಳದ ತೆಳು ಪದರಗಳಲ್ಲಿ ಬೆಳಕು ಪ್ರತಿಫಲಿಸಿ ಹುಟ್ಟೋದು, ಸೋಪಿನ ಗುಳ್ಳೆಯ ಹಾಗೆ. ಅದಕ್ಕೇ ಹುಳ ಸತ್ತರೂ ಬಣ್ಣ ಮಾಸಲ್ಲ. 19ನೇ ಶತಮಾನದಲ್ಲಿ ಮದ್ರಾಸು, ಹೈದರಾಬಾದುಗಳಲ್ಲಿ ಈ ರೆಕ್ಕೆಗಳನ್ನ ಮಸ್ಲಿನ್ ಬಟ್ಟೆಗೆ ಹೊಲಿದು ಕಸೂತಿ ಮಾಡಿ ಮಾರ್ತಿದ್ದರು.

ಇಂಗ್ಲಿಷಿನ 'ಬೀಟಲ್' ಅನ್ನೋದಕ್ಕೆ ಕನ್ನಡದಲ್ಲಿ ಎಲ್ಲರೂ ಒಪ್ಪಿದ ಒಂದು ಶಬ್ದ ಇಲ್ಲ, ಗಮನಿಸಿದೀರಾ? ಕೃಷಿ ಪುಸ್ತಕದಲ್ಲಿ 'ದುಂಬಿ' ಅಂತಾರೆ, ಕಾವ್ಯದಲ್ಲಿ ದುಂಬಿ ಹೂವಿನ ಜೇನು ಹೀರುತ್ತೆ. 'ಜೀರುಂಡೆ' ಅಂದ್ರೆ ಕೆಲವರಿಗೆ ಬೀಟಲ್, ಮಲೆನಾಡಿನವರಿಗೆ ಸಂಜೆ ಕಿವಿ ಕೊರೆಯೋ ಸಿಕಾಡಾ. ಲೋಕದಲ್ಲಿ ಹೆಸರಿಟ್ಟ ಬೀಟಲ್ ಪ್ರಭೇದಗಳೇ ಸುಮಾರು 4 ಲಕ್ಷ. ಸಸ್ತನಿಗಳು ಎಲ್ಲಾ ಸೇರಿ ಸುಮಾರು 6,500. ಅಷ್ಟು ದೊಡ್ಡ ಗುಂಪಿಗೆ ನಮ್ಮಲ್ಲಿ ಒಂದು ಗಟ್ಟಿ ಹೆಸರಿಲ್ಲ. ಸೊಂಡಿಲಿಗೂ ಜೀರಂಗಿಗೂ ಸಮಾನ ಪೂರ್ವಜ ಹುಡುಕಿದ್ರೆ 50 ಕೋಟಿ ವರ್ಷಕ್ಕೂ ಹಿಂದೆ ಹೋಗಬೇಕು. ಎರಡೂ ಪ್ರಾಣಿಗಳು ಅನ್ನೋದು ಬಿಟ್ಟರೆ, ಹೋಲಿಕೆ ಅಲ್ಲಿಗೆ ಮುಗೀತು.

ಈಗ ಮುಖ್ಯ ವಿಷಯ. ಕೊನೇ ಕಾಲಂ.

ಐಯುಸಿಎನ್ ಅನ್ನೋ ಸಂಸ್ಥೆ 1948ರಲ್ಲಿ ಶುರುವಾಯ್ತು, ಅದರ ಕೆಂಪು ಪಟ್ಟಿ 1964ರಿಂದ ಇದೆ. ಅದರಲ್ಲಿ ನಮ್ಮ ಮನೆ ಸೊಂಡಿಲಿಗೆ ಸಿಕ್ಕಿರೋದು 'ಲೀಸ್ಟ್ ಕನ್ಸರ್ನ್', ಅಂದ್ರೆ ಸದ್ಯಕ್ಕೆ ಚಿಂತೆ ಇಲ್ಲ. ಸರಿಯಾದದ್ದೇ. ಅದು ಏಷ್ಯಾದ ತುಂಬ ಇದೆ, ಹಡಗು ಹತ್ತಿ ಮಾರಿಷಸ್, ಗ್ವಾಮ್ ದ್ವೀಪಗಳಿಗೂ ಹೋಗಿ ಅಲ್ಲಿಯವರಿಗೆ ತಲೆನೋವಾಗಿದೆ. ಹಾಗಂತ ಸೊಂಡಿಲಿಗಳೆಲ್ಲ ಸುಖವಾಗಿಲ್ಲ. ಇದೇ ಸಂಕಸ್ ಕುಲದ್ದೇ 'ಸಂಕಸ್ ಡೇಯಿ' ಅಂತ ಪಶ್ಚಿಮ ಘಟ್ಟದ ದಕ್ಷಿಣದ ಕಾಡುಗಳಲ್ಲಿದೆ, ಅದು ಅಳಿವಿನಂಚಿನ ಪಟ್ಟಿಯಲ್ಲಿದೆ. ಅಂಡಮಾನಿನ ಜೆಂಕಿನ್ಸ್ ಸೊಂಡಿಲಿ ತೀವ್ರ ಅಳಿವಿನಂಚಿನದು. ಹಿಂದೂ ಮಹಾಸಾಗರದ ಕ್ರಿಸ್‌ಮಸ್ ದ್ವೀಪದ ಸೊಂಡಿಲಿ ಕೊನೇ ಸಲ ಕಂಡದ್ದು 1985ರಲ್ಲಿ, 2025ರಲ್ಲಿ ಅದು ಅಳಿದೇ ಹೋಯ್ತು ಅಂತ ಘೋಷಿಸಿದರು. ಸತ್ತ ಸುದ್ದಿ ಹೇಳೋಕೆ 40 ವರ್ಷ! ಆದರೂ ಒಂದು ಸಮಾಧಾನ ಇದೆ. ಯಾರೋ ನೋಡ್ತಿದ್ದರು, ಯಾರೋ ಹುಡುಕಿದ್ದರು, ಯಾರೋ ಬರೆದರು.

ಜೀರಂಗಿಗೆ? ಪಟ್ಟಿಯಲ್ಲಿ ನಮ್ಮ ಸ್ಟರ್ನೊಸೆರಾ ಹುಡುಕಿ ನೋಡಿ, ಸಿಗಲ್ಲ. ಅಂದ್ರೆ ಅದರ ಸ್ಥಿತಿ 'ನಾಟ್ ಇವ್ಯಾಲ್ಯುಯೇಟೆಡ್'. ಯಾರೂ ಪರೀಕ್ಷೆ ಮಾಡಿಲ್ಲ ಅಂತ ಅರ್ಥ. ಸಸ್ತನಿಗಳನ್ನ ಹೆಚ್ಚುಕಮ್ಮಿ ಎಲ್ಲಾ ನೋಡಿದಾರೆ. ಬೀಟಲ್‌ಗಳಲ್ಲಿ ನೋಡಿರೋದು ನೂರಕ್ಕೆ ಒಂದೆರಡೂ ಇಲ್ಲ.

ಹುಡುಗಿ ಕೇಳಿದಳು, "ಮಾಮಾ, ಪಟ್ಟಿಯೊಳಗ ಇಲ್ಲಂದ್ರ ಅಪಾಯ ಇಲ್ಲ ಅಂತನ ಅಲ್ಲೇನು?"

ಇಲ್ಲೇ ನಾನು ಸ್ವಲ್ಪ ಜೋರಾದದ್ದು. ನಮ್ಮ ಕೆಲಸದಲ್ಲಿ ಇದು ದಿನಾ ಎದುರಾಗುತ್ತೆ. ಟೆಸ್ಟ್ ಓಡಿಸಿ ಪಾಸಾಗೋದು ಬೇರೆ, ಟೆಸ್ಟ್ ಓಡಿಸದೇ ಇರೋದು ಬೇರೆ. ಎರಡರಲ್ಲೂ ಪರದೆ ಮೇಲೆ ಕೆಂಪು ಬಣ್ಣ ಬರಲ್ಲ. ಡೇಟಾಬೇಸಿನಲ್ಲಿ ಸೊನ್ನೆ ಬೇರೆ, ನಲ್ ಬೇರೆ. ಸೊನ್ನೆ ಅಂದ್ರೆ ಎಣಿಸಿದೆವು, ಏನೂ ಇಲ್ಲ. ನಲ್ ಅಂದ್ರೆ ಎಣಿಸಿಯೇ ಇಲ್ಲ. ನಲ್ ಅನ್ನ ಸೊನ್ನೆ ಅಂದುಕೊಂಡು ಬರೆದ ಕೋಡು ಮೊದಲು ಚೆನ್ನಾಗೇ ಓಡುತ್ತೆ, ಯಾವತ್ತೋ ಒಂದು ದಿನ ರಾತ್ರಿ ಎರಡು ಗಂಟೆಗೆ ಫೋನ್ ಮಾಡಿ ಎಬ್ಬಿಸುತ್ತೆ. ಸೊಂಡಿಲಿಯ 'ಚಿಂತೆ ಇಲ್ಲ' ಪಾಸಾದ ಟೆಸ್ಟು. ಜೀರಂಗಿಯ ಖಾಲಿ ಕಾಲಂ ಓಡಿಸದ ಟೆಸ್ಟು. ಎರಡಕ್ಕೂ 'ಅಪಾಯವಿಲ್ಲ' ಅಂತ ಒಂದೇ ಉತ್ತರ ಬರೆಯೋದು ನಮ್ಮ ದೊಡ್ಡ ತಪ್ಪು ಅಂತ ನಾನು ಹೇಳೋದು.

ಊರಲ್ಲಿ ಏನಾಗಿದೆ ನೋಡಿ. ನಾನು ಚಿಕ್ಕವನಿದ್ದಾಗ ಹೊಲದ ಬದುವಿನ ಮೇಲೆ ಜಾಲಿ, ತಂಗಡಿ ಪೊದೆ ಇರ್ತಿದ್ದವು. ಈಗ ಜೆಸಿಬಿ ಬಂದು ಬದು ಸಪಾಟು. ಉಳಿದದ್ದಕ್ಕೆ ಕಳೆನಾಶಕ. ಜೀರಂಗಿ ತಪ್ಪಲು ತಿನ್ನೋದು ಗಿಡದ ಮೇಲೆ, ಆದರೆ ಅದರ ಮರಿಹುಳ ಬೆಳೆಯೋದು ಮಣ್ಣಿನೊಳಗೆ, ಬೇರು ತಿಂದುಕೊಂಡು. ಪೊದೆಯೂ ಬೇಕು, ಕೆದಕದ ಮಣ್ಣೂ ಬೇಕು. ನಾವು ಹುಡುಗರಿದ್ದಾಗ ಒಂದು ಸಂಜೆಗೆ ಕಡ್ಡಿಪೆಟ್ಟಿಗೆ ತುಂಬ್ತಿತ್ತು. ಅಕ್ಕನ ಮಗಳಿಗೆ ಹಬ್ಬದ ಮೂರು ದಿನದಲ್ಲಿ ಸಿಕ್ಕಿದ್ದು ಒಂದು. ಇದನ್ನ ಪುರಾವೆ ಅಂತ ಹೇಳ್ತಿಲ್ಲ. ಹುಡುಗನ ಕಣ್ಣಿಗೆ ಎಲ್ಲವೂ ಹೆಚ್ಚು ಕಾಣ್ತವೆ, ನೆನಪು ಇನ್ನೂ ಹೆಚ್ಚು ಮಾಡುತ್ತೆ. ನನ್ನ ತಕರಾರೇ ಅದು. ಇದು ಕಡಿಮೆ ಆಗಿದೆಯೋ, ನನಗೆ ಹಾಗೆ ಅನಿಸ್ತಿದೆಯೋ ಅಂತ ತೋರಿಸೋಕೆ ಒಂದು ಹಳೇ ಲೆಕ್ಕ ನನ್ನ ಕೈಯಲ್ಲಿಲ್ಲ. ಎಲಿಯಟ್ ಸುಮಾರು ಇನ್ನೂರು ವರ್ಷದ ಹಿಂದೆ ಇಲಿ, ಹೆಗ್ಗಣಕ್ಕೆ ಮಾಡಿದಷ್ಟನ್ನೂ ನಾನು ನನ್ನೂರ ಜೀರಂಗಿಗೆ ಮಾಡಿಲ್ಲ.

"ಹುಲಿ-ಆನೆಗೇ ದುಡ್ಡಿಲ್ಲ, ಜೀರಂಗಿ ಎಣಿಸ್ತಾರಂತೆ" ಅಂತ ನಗಬೇಡಿ. ಹುಲಿಯ ಕಥೆಯೂ ಎಣಿಕೆಯಿಂದಲೇ ಶುರುವಾದದ್ದು. 1972ರ ಗಣತಿಯಲ್ಲಿ 1,827 ಅಂತ ಬಂತು, 1973ರಲ್ಲಿ ಪ್ರಾಜೆಕ್ಟ್ ಟೈಗರ್ ಬಂತು. ಅಂಕಿ ಇಲ್ಲದಿದ್ದರೆ ಯಾರ ಹತ್ತಿರ ಏನಂತ ಕೇಳೋದು? 4 ಲಕ್ಷ ಪ್ರಭೇದಗಳನ್ನ ವಿಜ್ಞಾನಿಗಳೇ ಎಣಿಸಲಿ ಅಂದ್ರೆ ಆಗದ ಮಾತು ಅನ್ನೋದನ್ನ ಒಪ್ತೀನಿ. ನಮ್ಮಲ್ಲಿ ಕೀಟಗಳ ಬಗ್ಗೆ ತಿಳಿದವರು ಇಲ್ಲ ಅಂತಲ್ಲ, ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ಕೀಟಗಳ ರಾಷ್ಟ್ರೀಯ ಬ್ಯೂರೋ ಇದೆ, ನಮ್ಮ ಧಾರವಾಡದಲ್ಲೇ ಕೃಷಿ ವಿಶ್ವವಿದ್ಯಾಲಯ ಇದೆ. ಆದರೆ ರೈತನ ತಲೆಬಿಸಿ ಕಬ್ಬಿನ ಗೊಣ್ಣೆಹುಳ, ತೆಂಗಿನ ರೈನೋಸರಸ್ ದುಂಬಿ. ಬೆಳೆಗೆ ತೊಂದರೆ ಕೊಡೋ ಬೀಟಲ್‌ಗೆ ಲೆಕ್ಕ ಸಿಗುತ್ತೆ, ಸುಮ್ಮನೆ ತನ್ನ ಪಾಡಿಗೆ ಜಾಲಿ ತಿನ್ನೋ ಬೀಟಲ್‌ಗೆ ಇಲ್ಲ.

ಹಾಗಾದ್ರೆ ಯಾರು ಮಾಡಬೇಕು? 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಗ್ರಾಮ ಪಂಚಾಯ್ತಿಯಲ್ಲೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನವರ ಜೊತೆ ಕೂತು ಜನತಾ ಜೀವವೈವಿಧ್ಯ ದಾಖಲೆ ಬರೀಬೇಕು. ಯಾವ ಗಿಡ, ಯಾವ ಪ್ರಾಣಿ, ಊರಲ್ಲಿ ಏನಂತಾರೆ, ಮೊದಲು ಎಷ್ಟಿತ್ತು, ಈಗ ಎಷ್ಟಿದೆ. ಎಂಥಾ ಒಳ್ಳೇ ವಿಚಾರ ನೋಡಿ! ನಿಮ್ಮೂರ ಪಂಚಾಯ್ತಿಗೆ ಹೋದಾಗ ಆ ಪುಸ್ತಕ ತೋರಿಸ್ರಿ ಅಂತ ಕೇಳಿ. ಇದ್ದರೆ, ಹುಳಗಳ ಪುಟ ಎಷ್ಟಿದೆ ನೋಡಿ. ಇಲ್ಲದಿದ್ದರೆ ಊರಲ್ಲಿರೋ ಹಿರಿಯರನ್ನ ಕೂರಿಸ್ಕೊಂಡು ನಾವೇ ಹೇಳಿ ಬರೆಸಬಹುದು. ನಮ್ಮ ಆಯಿಯಂಥವರು ಹೋಗೋಕಿಂತ ಮುಂಚೆ. ಫೋನಿನಲ್ಲಿ ತೆಗೆದ ಫೋಟೋನ ಜಾಗ, ತಾರೀಖಿನ ಜೊತೆ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೋ ಐನ್ಯಾಚುರಲಿಸ್ಟ್‌ಗೋ ಹಾಕಿದ್ರೆ ಹೆಸರು ಹೇಳೋರು ಸಿಗ್ತಾರೆ. ಬೆಂಗಳೂರಿನಲ್ಲಿ ಕೂತು ಊರು ಊರು ಅಂತ ಕೊರಗೋ ನನ್ನಂಥವರಿಗೆ ಇದು ಒಳ್ಳೇ ಪ್ರಾಯಶ್ಚಿತ್ತ :)

ಕೊನೆಗೆ ಪಟ್ಟಿ ಏನಾಯ್ತು ಅಂತ ಹೇಳಿಬಿಡ್ತೀನಿ. ಸೊಂಡಿಲಿಯ ಮುಂದೆ 'ಇಲಿ ಜಾತಿ' ಹೊಡೆದುಹಾಕಿ ಸರಿಯಾದ್ದು ಬರೆದಳು. 'ಅಪಾಯವಿಲ್ಲ' ಹಾಗೇ ಇರಲಿ ಅಂದೆ. ಜೀರಂಗಿಯ ಕೊನೇ ಖಾನೆಯಲ್ಲಿ 'ಇನ್ನೂ ಯಾರೂ ನೋಡಿಲ್ಲ' ಅಂತ ಬರೆಸಿದೆ. "ಹಿಂಗ ಬರದ್ರ ಟೀಚರ್ ಮಾರ್ಕ್ಸ್ ಕೊಡ್ತಾರೇನು ಮಾಮಾ?" ಅಂತ ಕೇಳಿದಳು. ನನಗೂ ಗೊತ್ತಿಲ್ಲ. ಕಂಪಾಸ್ ಬಾಕ್ಸಿನ ಜೀರಂಗಿಯನ್ನ ಸಂಜೆ ಇಬ್ಬರೂ ಹೋಗಿ ಅದೇ ಜಾಲಿ ಗಿಡದ ಮೇಲೆ ಬಿಟ್ಟು, ಫೋಟೋ ತೆಗೆದು ತಾರೀಖು ಬರ್ಕೊಂಡೆವು. ಅಂಟಿನ ಹಲಗೆಯನ್ನ ಅವ್ವ ಇನ್ನೂ ಎಸೆದಿಲ್ಲ. "ಇಲಿಗೆ ಮತ್ತೇನ್ ಮಾಡ್ಲೋ ಹಂಗಾರ?" ಅಂತಾಳೆ. ಪಂಜರ ತರ್ತೀನಿ ಅಂದಿದೀನಿ, ಸೊಂಡಿಲಿ ಬಿದ್ದರೆ ಬಿಡಬಹುದಲ್ಲ.

ನಿಮ್ಮ ಕಡೆ ಜೀರಂಗಿಗೆ, ಸೊಂಡಿಲಿಗೆ ಏನಂತಾರೆ? ಕಡೇ ಸಲ ನೋಡಿದ್ದು ಯಾವಾಗ, ಎಲ್ಲಿ? ಬರೀರಿ. ಖಾಲಿ ಕಾಲಂ ತುಂಬೋದು ಎಲ್ಲಿಂದಾದ್ರೂ ಶುರುವಾಗಬೇಕಲ್ಲ.